ಸಿಟ್ಟು ನನ್ನದೋ ಹೊಟ್ಟೆಯದೋ

ಲಿಕ್ಸೆಲೆ, ಆಗಸ್ಟ್ ಹತ್ತೊಂಬತ್ತು

ರೂನೆ,

'ಪ್ರೀತಿಯ' ಎಂದು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಕೊನೆಗೆ ಹೊಸ ಹಾಳೆ ತೆಗೆದುಕೊಂಡು ಬರೀ ಹೆಸರಿನಿಂದ ಶುರು ಮಾಡಿದ್ದೇನೆ. ನನ್ನ ತಲೆ ಎಷ್ಟು ಕೆಟ್ಟಿದೆ ಎಂದು ಇದರಿಂದಲೇ ತಿಳಿದುಕೋ.

ವಿಚ್ಛೇದನಕ್ಕೆ ನೀನು ಒಪ್ಪಲಿಲ್ಲವೆಂದು ಕೋರ್ಟು ಕೊಟ್ಟಿದ್ದ ಆರು ತಿಂಗಳ ಗಡುವು ಮೊನ್ನೆ ಮುಗಿಯಿತು. ಇನ್ನೊಮ್ಮೆ 'ಬೇಕು' ಎಂದು ಬರೆದು ಸಹಿ ಹಾಕಿದರೆ ಇಪ್ಪತ್ತೇಳು ವರ್ಷದ ಸಂಸಾರ ಮುಗಿದಂತೆ. ಅರ್ಜಿ ಮೇಜಿನ ಮೇಲಿದೆ. ಆದರೆ ಮೊದಲ ಸಲ ಅದನ್ನು ಕೇಳಿದವಳು ನಾನೇ ಹೌದೋ ಅಲ್ಲವೋ ಎಂದು ಈಗ ಅನುಮಾನ ಬಂದಿದೆ.

ನಿನಗೆ ಗೊತ್ತಲ್ಲ, ನಮ್ಮ ವೃದ್ಧಾಶ್ರಮದ ಕೆಲಸದಲ್ಲಿ ಊಟ ತಪ್ಪಿದರೂ ಕಾಫಿ ತಪ್ಪುವುದಿಲ್ಲ. ಒಂಬತ್ತೂವರೆಗೆ ಕಾಫಿ, ದಾಲ್ಚಿನ್ನಿ ಬನ್ನು. ಎರಡೂವರೆಗೆ ಕಾಫಿ, ಬಿಸ್ಕತ್ತು. ಮೇಜಿಗೆ ಬಾರದಿದ್ದರೆ "ಇವಳಿಗೆ ನಮ್ಮ ಸಹವಾಸ ಬೇಡ್ವಂತೆ" ಅನ್ನುತ್ತಾರೆ. ಅಮ್ಮ ಹೋದ ಮೇಲೆ ನನಗೆ ಅದೇ ಊಟವಾಗಿತ್ತು. ಚಳಿಗಾಲದ ಹೊತ್ತಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನೀನು ಬೂಟು ಬಿಟ್ಟ ಜಾಗ, ಲೋಟದಲ್ಲಿ ಚಮಚ ಆಡಿಸುವ ಸದ್ದು, ಎಲ್ಲಕ್ಕೂ ಅಳು. ಬದುಕೇ ಸಾಕಾಗಿತ್ತು, ನೀನು ಸಾಕಾದೆ ಎಂದುಕೊಂಡುಬಿಟ್ಟೆ.

ಬಿಟ್ಟು ಹೋಗುತ್ತೇನೆ ಎಂದ ದಿನ ನೀನೇನು ಮಾಡಿದೆ? ಎದ್ದು ಹೋಗಿ ಹಂದಿ ರಕ್ತದ ಕಡುಬನ್ನು ಹೋಳು ಮಾಡಿ, ಬೆಣ್ಣೆಯಲ್ಲಿ ಹುರಿದು, ಲಿಂಗನ್ ಹಣ್ಣಿನ ಜಾಮ್ ಹಾಕಿ ನನ್ನ ಮುಂದಿಟ್ಟೆ. "ಮೊದ್ಲು ಹೊಟ್ಟೆಗೇನಾದ್ರೂ ಹಾಕ್ಕೊ ಸೋಲ್ವೇಗ್. ಬೈಯೋಕಾದ್ರೂ ತ್ರಾಣ ಬೇಕಲ್ಲ" ಅಂದೆ. ನಾನು ತಟ್ಟೆ ಮುಟ್ಟದೆ ಹೊರಟೆ. ನನ್ನ ದುಃಖಕ್ಕೆ ಗಂಡ ಕೊಟ್ಟ ಉತ್ತರ ಒಂದು ತಟ್ಟೆ ಕಡುಬು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಮೇ ತಿಂಗಳಲ್ಲಿ ಕೆಲಸದಲ್ಲೇ ತಲೆ ಸುತ್ತಿ ಬಿದ್ದೆ. ಆರೋಗ್ಯ ಕೇಂದ್ರದ ನರ್ಸ್ ಗುನಿಲ್ಲಾ ರಕ್ತ ಪರೀಕ್ಷೆಯ ಚೀಟಿ ನೋಡಿ, "ನಿನ್ನ ಮೈಯಲ್ಲಿ ಕಬ್ಬಿಣಾನೇ ಇಲ್ವಲ್ಲೇ. ಬನ್ನು ತಿಂದ್ಕೊಂಡು ಯಾರಾದ್ರೂ ಬದುಕ್ತಾರಾ? ಸುಸ್ತು, ಅಳು, ಸಿಡುಕು, ಇದ್ರಿಂದ್ಲೂ ಬರುತ್ತೆ" ಎಂದಳು. ಮಾತ್ರೆ ಕೊಟ್ಟಳು, ಊಟದ ಜತೆಗೆ ಕಾಫಿ ಬೇಡವೆಂದಳು. ತಿನ್ನಬೇಕಾದವುಗಳ ಪಟ್ಟಿಯಲ್ಲಿ ಮೊದಲನೆಯದೇ ರಕ್ತದ ಕಡುಬು. ನಾನು ಯಾಕೆ ನಕ್ಕೆ ಎಂದು ಅವಳಿಗೆ ತಿಳಿಯಲಿಲ್ಲ.

ಈಗ ಓಟ್ಸ್ ಗಂಜಿ, ಮೀನು, ಬಟಾಣಿ ಸಾರು, ಎಲ್ಲ ಹೊತ್ತಿಗೆ ಸರಿಯಾಗಿ. ನಿದ್ದೆಯೂ ಬರುತ್ತಿದೆ. ಬೂಟಿನ ಸಿಟ್ಟು ಹೋಯಿತು, ಚಮಚದ್ದೂ ಹೋಯಿತು. ಕಡ್ಡಿಯನ್ನು ಗುಡ್ಡ ಮಾಡಿದೆನಲ್ಲ ಎಂದು ನಾಚಿಕೆಯಾಗುತ್ತದೆ. ಹಾಗಾದರೆ ಮಾತ್ರೆಗೆ ಇಳಿಯುವಂಥ ಸಿಟ್ಟಿಗೆ ಮನೆ ಬಿಟ್ಟೆನೇ? ಅಥವಾ ಈಗಿನ ಈ ಸಮಾಧಾನವೂ ಮಾತ್ರೆಯ ಕೈವಾಡವೇ? ಎಷ್ಟು ಹೊಟ್ಟೆಯ ಮಾತು, ಎಷ್ಟು ಮನಸ್ಸಿನದು, ಯೋಚಿಸಿದಷ್ಟೂ ಕಲಸಿಹೋಗುತ್ತದೆ.

ಒಂದು ಮಾತ್ರ ಹೋಗಿಲ್ಲ ರೂನೆ. ಕಳೆದ ಸೆಪ್ಟೆಂಬರಿನಲ್ಲಿ ಅಮ್ಮ ಕೊನೆಯುಸಿರು ಎಳೆಯುತ್ತಿದ್ದಾಗ ನೀನು ಊರವರ ಜತೆ ಮೂಸ್ ಜಿಂಕೆಯ ಬೇಟೆಗೆ ಹೋದೆ. "ಬೇಟೆ ವಾರ ಕಣೇ, ನನ್ನ ಜಾಗಕ್ಕೆ ನಿಲ್ಲೋರು ಯಾರೂ ಇಲ್ಲ" ಅಂದೆ. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ನಾನೊಬ್ಬಳೇ ಕೂತಿದ್ದೆ. ಇದನ್ನು ಹಸಿದೂ ನೆನೆದೆ, ಉಂಡೂ ನೆನೆದೆ. ನೋವು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ.

ಭಾನುವಾರ ಮಧ್ಯಾಹ್ನ ಬಾ. ಏನೂ ತರಬೇಡ. ಆ ವಾರ ನನ್ನನ್ನು ಒಂಟಿ ಮಾಡಿದ್ದೇಕೆ ಎಂದು ಬಾಯಿಬಿಟ್ಟು ಹೇಳು. ಉಳಿದದ್ದಕ್ಕೆಲ್ಲ ನಾನು ಕ್ಷಮೆ ಕೇಳುತ್ತೇನೆ, ಇದಕ್ಕೆ ನೀನು ಕೇಳಬೇಕು. ಕೇಳದಿದ್ದರೆ ಸಹಿ ಹಾಕುತ್ತೇನೆ. ಈ ಸಲ ಅದನ್ನು ಹಸಿವಿನ ತಲೆಗೆ ಕಟ್ಟಲು ಇಬ್ಬರಿಗೂ ಆಗುವುದಿಲ್ಲ.

ಅಲ್ಲಿಯವರೆಗೆ ತಣ್ಣಗಿರು,
ನಿನ್ನವಳೋ ಅಲ್ಲವೋ ಇನ್ನೂ ತಿಳಿಯದ
ಸೋಲ್ವೇಗ್