ನನ್ನ ಕಾಲು ಸುಮ್ಮನಿದ್ದರೆ

ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ

ಮತ್ತೆ ಡ್ರಾಪ್ಸ್. ಒಂದು ಹನಿ ಕಣ್ಣಿಗೆ, ಮೂರು ಹನಿ ಕೆನ್ನೆಗೆ. ಆಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂರಬೇಕಂತೆ. ಕೂತೆ. ಅಷ್ಟರಲ್ಲಿ ತಂಗಿ ಬಾಗಿಲಲ್ಲಿ ಇಣುಕಿ ಹೋದಳು, ಮತ್ತೆ ಬಂದಳು. ಚಪ್ಪಲಿ ಸದ್ದು ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ.

"ಅಕ್ಕಾ, ಇವತ್ತಿನ ಕ್ಲಾಸ್ ಕ್ಯಾನ್ಸಲ್ ಮಾಡ್ಲಾ?"

"ನಿನ್ನನ್ನೇ ಕ್ಯಾನ್ಸಲ್ ಮಾಡ್ತೀನಿ. ಹೋಗು."

ನಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಫೋನಿನ ಕೆಲಸ ಅವಳದು, ಕಾರಿನದು ನನ್ನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಸಿದ್ದೇನೆ. ಈಗ ಆ ಕಣ್ಣಿನ ಡಾಕ್ಟರು — ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ — ಗ್ಲಾಕೋಮಾ ಎನ್ನುತ್ತಾನೆ. ಕಣ್ಣಿನೊಳಗೆ ಪ್ರೆಶರ್ ಅಂತೆ. ನರ ಒಣಗುತ್ತಿದೆಯಂತೆ. ನೋಟ ಅಂಚಿನಿಂದ ಕಳಚುತ್ತಾ ಬರುತ್ತದಂತೆ. ಗೋಡೆಯ ಮೇಲಿನ ಅಕ್ಷರ ಕೊನೆಯ ಸಾಲಿನವರೆಗೂ ಓದಿ ಬಿಸಾಕಿದೆ. ಅಡಿಯಲ್ಲಿ ಪ್ರೆಸ್ಸಿನ ಹೆಸರಿದ್ದರೆ ಅದನ್ನೂ ಓದುತ್ತಿದ್ದೆ. ಅಂಥವಳಿಗೆ "ಡ್ರೈವಿಂಗ್ ಬಗ್ಗೆ ಯೋಚನೆ ಮಾಡ್ಬೇಕಾಗುತ್ತೆ ಅಮ್ಮಾ" ಅಂತೆ. ಮಾಡಿಕೋ, ನಿನ್ನ ಪಾಡಿಗೆ ನೀನು.

ಫೆಬ್ರವರಿ ೬

ಇವತ್ತು ನೋಟದ ಅಂಚಿನ ಪರೀಕ್ಷೆ. ಬಟ್ಟಲಿನಂಥ ಮಿಷನ್ನಿಗೆ ಗಲ್ಲ ಊರಿಸಿ ಕೂರಿಸಿದರು. ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಚುಕ್ಕಿ ಮಿನುಗಿದರೆ ಗುಂಡಿ ಒತ್ತಬೇಕು. ಚುಕ್ಕಿ ಬಂತು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮಿಷನ್ ಮಾತ್ರ ಟಿಕ್, ಟಿಕ್ ಎನ್ನುತ್ತಿತ್ತು. ಸರಿ, ಆ ಸದ್ದು ಹಿಡಿದು ಒತ್ತುತ್ತಾ ಹೋದೆ. ಎಂಜಿನ್ ಸದ್ದಿಗೇ ಗೇರ್ ಬದಲಿಸುವವಳಿಗೆ ಇದೇನು ಮಹಾ.

ಡಾಕ್ಟರು ಕಾಗದ ನೋಡಿ ನಕ್ಕ. "ಅಮ್ಮಾ, ಚುಕ್ಕಿ ಇಲ್ಲದಾಗ್ಲೂ ಒತ್ತಿದ್ದೀರಲ್ಲ. ಮಿಷನ್ ಆಗಾಗ ಬರೀ ಸದ್ದು ಮಾಡಿ ನೋಡುತ್ತೆ."

ಮೋಸದ ಮಿಷನ್. ಮತ್ತೆ ಬರಬೇಕಂತೆ.

"ಅಲ್ಲೀವರೆಗೂ ಕಾರ್ ಓಡಿಸ್ಬೇಡಿ."

"ನಾನೆಲ್ಲಿ ಓಡಿಸ್ತೀನಿ? ಕಲಿಯೋರು ಓಡಿಸ್ತಾರೆ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅವನು ಮತ್ತೇನೋ ಶುರು ಮಾಡಿದ. ಅಷ್ಟರಲ್ಲಿ ಬಾಗಿಲು ದಾಟಿ ಬಂದೆ.

ಫೆಬ್ರವರಿ ೧೦

ಕ್ಲಾಸಿಗೆ ಬೆಣ್ಣೆಕಾಲು ಬಂದಿದ್ದಳು, ಹೆಸರು ನಾನಿಟ್ಟದ್ದು. ಹಲ್ಲಿನ ಡಾಕ್ಟರಮ್ಮ. ಊರಿನವರ ದವಡೆ ಹಿಡಿದು ಹಲ್ಲು ಕೀಳುವವಳು ಕ್ಲಚ್ ಮೇಲೆ ಮಾತ್ರ ಬೆಣ್ಣೆಯ ಮೇಲೆ ಇಟ್ಟ ಹಾಗೆ ಕಾಲಿಡುತ್ತಾಳೆ. ತಿರುವಿನಲ್ಲಿ ಹೋಗಲಾ ಬೇಡವಾ ಅಂತ ನನ್ನ ಮುಖ ನೋಡುತ್ತಾಳೆ.

ಗದರಿದೆ. "ನನ್ನ ಮುಖದಲ್ಲಿ ರಸ್ತೆ ಬರೆದಿದ್ಯಾ? ನನ್ನ ಕಡೆಯೂ ಒಂದು ಬ್ರೇಕಿದೆ. ನನ್ನ ಕಾಲು ಸುಮ್ನಿದ್ರೆ ದಾರಿ ಸರಿಯಿದೆ ಅಂತ. ಹೋಗ್ತಾ ಇರು."

ಎಲ್ಲರಿಗೂ ಕಲಿಸುವುದೇ ಹೀಗೆ. ಹೆದರಿಕೆ ಬಿಡಿಸಲು ಇದಕ್ಕಿಂತ ಒಳ್ಳೆ ಮದ್ದಿಲ್ಲ. ಇವತ್ತು ಮೊದಲ ಸಲ ಹಾಡು ಗುನುಗಿಕೊಂಡು ಓಡಿಸಿದಳು. ಬೇಸುರ. ಆದರೂ.

ಫೆಬ್ರವರಿ ೧೨, ಮಧ್ಯಾಹ್ನ

ಮಾರ್ಕೆಟ್ ತಿರುವು. ಸ್ಟಿಯರಿಂಗಿನಲ್ಲಿ ಬೆಣ್ಣೆಕಾಲು. ಎಡಗಡೆಯಿಂದ ಸೈಕಲ್. ಹಿಂದೆ ಮೊಟ್ಟೆ ಟ್ರೇ.

ಕಾರು ತಾಗಿ ಬಿದ್ದ ಸೈಕಲಿನವನಿಗೆ ಮೊಣಕೈ ತರಚಿದೆ, ಬೇರೇನೂ ಇಲ್ಲ. ರಸ್ತೆ ತುಂಬಾ ಮೊಟ್ಟೆ. ಎದ್ದು ನಿಂತು ಕೇಳಿದ: "ಇಬ್ರು ಕೂತಿದ್ದೀರಲ್ರಮ್ಮಾ, ನಾಲ್ಕು ಕಣ್ಣಲ್ಲಿ ಒಂದಕ್ಕಾದ್ರೂ ಕಾಣಿಸ್ಬಾರ್ದಾ?"

ಬೆಣ್ಣೆಕಾಲಿಗೆ ಬಾಯಿಗೆ ಬಂದ ಹಾಗೆ ಬೈದೆ. ಕಣ್ಣೇನು ಹಲ್ಲಿನ ಡಬ್ಬಿಯಲ್ಲಿ ಇಟ್ಟು ಬಂದಿದ್ದೀಯಾ ಅಂದೆ. ಅವಳು ಅಳಲಿಲ್ಲ. ಮೆಲ್ಲಗೆ ಹೇಳಿದಳು:

"ನಾನು ನೋಡ್ದೆ ಮೇಡಂ. ದೂರದಿಂದ್ಲೇ ನೋಡ್ದೆ. ನಿಮ್ಮ ಕಾಲು ಸುಮ್ನಿತ್ತಲ್ಲ... ಸರಿಯಿದೆ ಅಂದ್ಕೊಂಡೆ."

ಫೆಬ್ರವರಿ ೨೩

ಬರೆಯಲು ಏನಿದೆ. ಡ್ರಾಪ್ಸ್ ಹಾಕಿದೆ. ಕಾರಿನ ಕೀ ನನ್ನ ದಿಂಬಿನ ಕೆಳಗೇ ಇದೆ. ತಂಗಿ ಕೇಳಿದಳು, ಕೊಡಲಿಲ್ಲ. ಕ್ಲಾಸನ್ನೆಲ್ಲಾ ತಾನೇ ಕ್ಯಾನ್ಸಲ್ ಮಾಡಿ ಜನಕ್ಕೆ "ಅಕ್ಕನಿಗೆ ಜ್ವರ" ಎನ್ನುತ್ತಿದ್ದಾಳೆ. ನನಗೆ ಜ್ವರ ಅಂತ ಸುಳ್ಳು ಹೇಳಲು ಇವಳ್ಯಾರು. ಹೇಳಬೇಡ ಅಂತಲೂ ನಾನು ಹೇಳಲಿಲ್ಲ.

ಆ ಸೈಕಲ್ ಎಲ್ಲಿತ್ತು? ಎಷ್ಟು ಸಲ ನೆನೆಸಿಕೊಂಡರೂ ಅಲ್ಲಿ ಬರೀ ರಸ್ತೆಯೇ ಇದೆ.

ಮಾರ್ಚ್ ೨

ಹೋದೆ. ಚುಕ್ಕಿ ಕಂಡಾಗ ಮಾತ್ರ ಗುಂಡಿ ಒತ್ತಿದೆ. ಮಿಷನ್ ಟಿಕ್ ಟಿಕ್ ಅಂದುಕೊಳ್ಳಲಿ ಅಂತ ಬಿಟ್ಟೆ. ಬೆರಳಿಗೆ ಕೆಲಸವೇ ಇರಲಿಲ್ಲ ಬಹಳ ಹೊತ್ತು.

ಕಾಗದದಲ್ಲಿ ಎಡಗಡೆ ಮಸಿ ಚೆಲ್ಲಿದ ಹಾಗಿದೆ. "ನನಗೆಲ್ಲೂ ಕಪ್ಪು ಕಾಣಲ್ಲ, ನಿಮ್ಮ ಪ್ರಿಂಟರ್ ಸರಿಯಿಲ್ಲ" ಅಂದೆ.

"ಕಪ್ಪು ಕಾಣಲ್ಲ ಅಮ್ಮಾ, ಅದೇ ತೊಂದ್ರೆ. ಕಾಣದ ಜಾಗಕ್ಕೆ ಮೆದುಳು ಅಕ್ಕಪಕ್ಕದ್ದನ್ನೇ ತಂದು ತೇಪೆ ಹಾಕುತ್ತೆ. ಖಾಲಿ ರಸ್ತೆ ಇರೋ ಹಾಗೇ ಅನ್ಸುತ್ತೆ."

ತೇಪೆ ಹಾಕು ಅಂತ ಅದಕ್ಕೆ ಯಾರು ಹೇಳಿದರು? ನನ್ನ ತಲೆಯೊಳಗೇ ಕೂತು, ನನ್ನ ಅನ್ನ ತಿಂದು, ನನಗೇ ಸುಳ್ಳು ಹೇಳುತ್ತಿದೆ. ಹೊರಗಿನವರ ಮೇಲೆ ಇಷ್ಟು ವರ್ಷ ಕೂಗಿದ್ದು ದಂಡ.

ಹೋದದ್ದು ಬರುವುದಿಲ್ಲವಂತೆ. ಡ್ರಾಪ್ಸ್ ಬಿಡದಿದ್ದರೆ ಉಳಿದದ್ದು ಉಳಿಯಬಹುದಂತೆ. ಸ್ಟಿಯರಿಂಗೂ ಬೇಡ, ಪಕ್ಕದ ಬ್ರೇಕೂ ಬೇಡವಂತೆ. ಈ ಸಲ ಬಾಗಿಲು ದಾಟದೆ ಪೂರ್ತಿ ಕೇಳಿದೆ.

ಮನೆಗೆ ಬಂದು ಕೀ ತಂಗಿಯ ಫೋನಿನ ಪಕ್ಕದಲ್ಲಿಟ್ಟೆ. "ಯಾರೂ ಕಿತ್ಕೊಂಡಿಲ್ಲ, ನಾನೇ ಇಟ್ಟೆ. ಜ್ಞಾಪಕ ಇರ್ಲಿ" ಅಂದೆ. ಜಾಣೆ, ಕೀ ಎತ್ತಿ ಮೊಳೆಗೆ ನೇತುಹಾಕಿದಳು.

ಮಾರ್ಚ್ ೨೧

ಬೆಣ್ಣೆಕಾಲಿಗೆ ಲೈಸೆನ್ಸ್ ಬಂತು. ಬೇರೆ ಸ್ಕೂಲಿನಿಂದ. ತೋರಿಸಲು ಬಂದಳು, ತಪ್ಪು ಮಾಡಿದವಳ ಹಾಗೆ ಮುಖ. ತಂಗಿ ಸುಮ್ಮನಿರದೆ ಕೀ ಅವಳ ಕೈಗೆ ಕೊಟ್ಟಳು. "ಅಕ್ಕನ್ನ ಒಂದು ರೌಂಡ್ ಕರ್ಕೊಂಡ್ ಹೋಗಿ. ಮನೇಲಿ ಕೂತು ನನ್ನ ಪ್ರಾಣ ತಿಂತಾಳೆ."

ಹತ್ತಿದೆ. ಅದೇ ಪಕ್ಕದ ಸೀಟು. ಮಾರ್ಕೆಟ್ ತಿರುವಿಗೆ ಬಂದಳು. ನಿಧಾನ ಮಾಡಿದಳು. ಮಾಡಿ... ಕೆಳಗೆ ನನ್ನ ಕಾಲು ನೋಡಿದಳು.

ಇದನ್ನು ಕಲಿಸಿದವಳು ನಾನೇ ಅಲ್ಲವಾ.

ಚಪ್ಪಲಿ ಬಿಟ್ಟು, ಎರಡೂ ಕಾಲು ಎತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿ ನೋವು.

"ಈಗ ನೋಡು. ಯಾವ ಕಾಲು ನೋಡ್ತೀಯ ನೋಡು."

"ಮೇಡಂ, ಬೆಲ್ಟ್..."

"ಹಾಕಿದೆ. ನೀನು ರಸ್ತೆ ನೋಡು. ಎಡಗಡೆ ಏನಿದೆ?"

ತಿರುಗಿ ನೋಡಿದಳು. "ತಳ್ಳುಗಾಡಿ ಮೇಡಂ. ಹೂಕೋಸು."

ನನಗೆ ಬರೀ ರಸ್ತೆ ಕಂಡಿತ್ತು. ಕತ್ತು ತಿರುಗಿಸಿದೆ. ಹೌದು, ಹೂಕೋಸು.

"ಮತ್ತೇನ್ ಮಾಡ್ಬೇಕು, ನನ್ನ ಕೇಳ್ತೀಯಾ?"

ಕೇಳಲಿಲ್ಲ. ತಾನೇ ಬ್ರೇಕ್ ಒತ್ತಿ ನಿಂತಳು.

ಮಾರ್ಚ್ ೨೮, ಬೆಳಿಗ್ಗೆ

ಡ್ರಾಪ್ಸ್ ಹಾಕಿದೆ. ಮೂಲೆ ಒತ್ತಿ ಕೂತೆ. ಇವತ್ತು ಕಣ್ಣಿನ ಪ್ರೆಶರ್ ನೋಡುತ್ತಾರಂತೆ. ಕರೆದುಕೊಂಡು ಹೋಗಲು ಬೆಣ್ಣೆಕಾಲು ಬರುತ್ತಾಳೆ, ಬೇಡವೆಂದರೂ. ಅವಳ ರಿವರ್ಸ್ ಇನ್ನೂ ಹಾಳು, ಗೇಟಿನ ಕಂಬಕ್ಕೆ ತಾಗಿಸದಿದ್ದರೆ ಸಾಕು. ಬಂದಳು ಅನ್ನಿಸುತ್ತದೆ — ಹಾರ್ನ್. ಮನೆ ಮುಂದೆ ಹಾರ್ನ್ ಹೊಡೆಯಬಾರದು ಅಂತ ಎಷ್ಟು ಸಲ ಹೇಳಿದ್ದೇನೆ. ಮತ್ತೆ ಹೊಡೆದಳು. ಬಂದೆ ಕಣೇ, ಇನ್ನೂ ಚಪ್ಪಲಿ ಹಾಕಿಲ್ಲ —