ಶವಪೆಟ್ಟಿಗೆಯೂ ಲಾಭವೇ?

ತೆರಿಗೆ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಗಂಡ ತಾರ್ವೊನ ಶವಪೆಟ್ಟಿಗೆಯನ್ನು ನೀವು 'ಮಾಲೀಕರಿಗೆ ಹಂಚಿದ ಲಾಭ' ಎಂದು ಪರಿಗಣಿಸಿ ತೆರಿಗೆ ಹಾಕಿದ್ದೀರಿ. ಪೆಟ್ಟಿಗೆಯ ಜೊತೆಗೆ ಮಣ್ಣು ಮಾಡಿದ ದಿನದ ಊಟಕ್ಕೂ, ನಮ್ಮ ಕಡೆಯ ಪದ್ಧತಿಯಂತೆ ಸ್ಮಶಾನದ ದಾರಿಯ ಪೈನ್ ಮರದಲ್ಲಿ ಅವನಿಗಾಗಿ ಶಿಲುಬೆ ಕೊರೆಯುವಾಗ ಬಂದವರಿಗೆಲ್ಲ ಕೊಟ್ಟ ಒಂದೊಂದು ಗುಟುಕು ವೋಡ್ಕಾಕ್ಕೂ. ಖರ್ಚು ಮಾಡಿದ್ದು ಕಂಪನಿ, ಆದರೆ ಅದು ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ, ಆದ್ದರಿಂದ ಲಾಭ. ಎಷ್ಟು ಸರಳ!

ಕಾನೂನನ್ನು ನಾನು ದೂರುತ್ತಿಲ್ಲ. ನಮ್ಮ ಎಸ್ಟೋನಿಯಾದಲ್ಲಿ ಲಾಭ ಕಂಪನಿಯೊಳಗೇ ಇದ್ದರೆ ತೆರಿಗೆಯಿಲ್ಲ, ಮಾಲೀಕರ ಕೈಗೆ ಬಂದರೆ ಮಾತ್ರ ತೆರಿಗೆ. ಇದನ್ನು ನನ್ನ ಗಂಡನಷ್ಟು ಭಕ್ತಿಯಿಂದ ನಂಬಿದವರು ಇನ್ನಾರಿದ್ದಾರೆ? ವೊರು ಪಟ್ಟಣದಾಚೆಯ ಸಾಮಿಲ್ಲು ಅವನದೂ ಗೆಳೆಯ ಯೂಲಾರನದೂ. ಲಾಭ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ: "ಈ ಸಲನಾದ್ರೂ ಮನೆಯೊಳಗೊಂದು ಕಕ್ಕಸು ಕಟ್ಸೋಣ್ವಾ? ಚಳೀಲಿ ಅಂಗಳ ದಾಟಿ ದಾಟಿ ಸಾಕಾಯ್ತು."

"ಮುಂದಿನ್ ವರ್ಷ ಕಣೇ. ಈಗ ಹೊರಗೆ ತೆಗೆದ್ರೆ ಸರ್ಕಾರ ಒಂದು ತುತ್ತು ಕಚ್ಕೊಳ್ಳತ್ತೆ. ಅಲ್ಲೇ ಇರ್ಲಿ, ಹೊಸ ಗರಗಸ ಬರತ್ತೆ."

ಗರಗಸ ಬಂತು, ಲಾರಿ ಬಂತು, ಹಲಗೆ ಒಣಗಿಸುವ ಬಿಸಿ ಕೋಣೆ ಬಂತು. ಹಲಗೆಗಳು ಬೆಚ್ಚಗಿದ್ದವು. ನಾನು ಟಾರ್ಚ್ ಹಿಡಿದು ಹಿಮದಲ್ಲಿ ನಡೆಯುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ತಾರ್ವೊ ಮಿಲ್ಲಿನಲ್ಲೇ ಕುಸಿದು ತೀರಿಕೊಂಡ. ಯೂಲಾರ್ ಬಂದು, "ಮಾರಿಕಾ, ನೀನೇನೂ ಯೋಚ್ನೆ ಮಾಡ್ಬೇಡ. ಪೆಟ್ಟಿಗೆ ನಮ್ ಹಲಗೇದೇ ಆಗ್ಬೇಕು. ಎಲ್ಲಾ ಖರ್ಚೂ ಮಿಲ್ಲಿಂದಾನೇ," ಎಂದ. ನನಗೆ ಯೋಚನೆಯೂ ಬರಲಿಲ್ಲ, ಅಳುವೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಮನಸ್ಸಿಗೆ ಜೋಮು ಹಿಡಿದಂತಿದೆ. ಒಳಗೇ ಇಟ್ಟುಕೊಂಡದ್ದಕ್ಕೆ ತೆರಿಗೆಯಿಲ್ಲವಲ್ಲ, ಸದ್ಯ.

ನಿಮ್ಮ ಕಚೇರಿಗೂ ಹೋಗಿದ್ದೆ. ಕೌಂಟರಿನ ಹುಡುಗಿ ಒಳ್ಳೆಯವಳೇ. "ನಿಮ್ ಕಷ್ಟ ಗೊತ್ತಾಗತ್ತೆ ಮೇಡಂ. ಆದ್ರೆ ಶವಪೆಟ್ಟಿಗೆಯಿಂದ ಕಂಪನಿ ವ್ಯವಹಾರಕ್ಕೆ ಏನು ಉಪಯೋಗ ಅಂತ ಬರೀಲಿ?" ಎಂದಳು. ಏನು ಬರೆಯಬೇಕೆಂದು ನಿಮಗಾದರೂ ಹೊಳೆಯುತ್ತದೆಯೇ?

ತೆರಿಗೆಯನ್ನು ನಾನು ವಾಪಸು ಕೇಳುತ್ತಿಲ್ಲ, ಇಟ್ಟುಕೊಳ್ಳಿ. ಅರ್ಧ ಮಿಲ್ಲು ಈಗ ನನ್ನದಾದ್ದರಿಂದ ಈ ವರ್ಷದ ಲೆಕ್ಕಕ್ಕೆ ನಾನೂ ರುಜು ಹಾಕಬೇಕು. ಅದರಲ್ಲಿ ನಿಮ್ಮ ಆದೇಶದಂತೆ ತಾರ್ವೊನ ಹೆಸರಿನ ಮುಂದೆ, ಮಿಲ್ಲು ಶುರುವಾದಂದಿನಿಂದ ಮೊಟ್ಟಮೊದಲ ಬಾರಿಗೆ, 'ಲಾಭ ಪಡೆದಿದ್ದಾರೆ' ಎಂದಿದೆ. ಅದನ್ನು ಹೊಡೆದುಹಾಕಿ. ಅಂತ್ಯಕ್ರಿಯೆ ಎಂದು ಬರೆಯಿರಿ, ದಂಡ ಎಂದು ಬೇಕಾದರೂ ಬರೆಯಿರಿ. ಆ ಮನುಷ್ಯ ಬದುಕಿದ್ದಷ್ಟು ದಿನ ಲಾಭವನ್ನು ಕೈಯಲ್ಲಿ ಮುಟ್ಟಲಿಲ್ಲ. ಸತ್ತ ಮೇಲೆ ಮುಟ್ಟಿದನೆಂದು ಅವನ ಹೆಂಡತಿಯಿಂದ ರುಜು ಹಾಕಿಸಬೇಡಿ.

ಇಂತಿ,
ನಿಮ್ಮ ಕಡತದ ಪ್ರಕಾರ ಲಾಭ ಉಂಡವರಲ್ಲಿ ಒಬ್ಬಳು,
ಮಾರಿಕಾ