ಗೆರಟೆಯ ಬಿಲ್ಲೆ

ವಿಟ್ಲ
24 ನವೆಂಬರ್ 2024, ಭಾನುವಾರ

ಪ್ರೀತಿಯ ಮಗಳು ಪ್ರಾಪ್ತಿಗೆ,

ಅಮ್ಮನ ಆಶೀರ್ವಾದ. ನೀನು ಚೆನ್ನಾಗಿದ್ದೀ ಎಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಮಾತ್ರ ಕೈ ಬರುವುದಿಲ್ಲ. ದೀಪಾವಳಿಗೆ ನೀನು ಬಂದು ಹೋದ ಮೇಲೆ ಮೂರು ವಾರ ಸುಮ್ಮನಿದ್ದೆ, ಕ್ಷಮಿಸು. ನೀನಿರುವ ಮೂಡುಬಿದಿರೆಗೆ ಎರಡು ಬಸ್ಸು ಹತ್ತಿದರೆ ಆಯಿತು, ಅಮ್ಮನಿಗೇಕೆ ಕಾಗದ ಬರೆಯುವ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನೀನು ‘ಹೂಂ’, ‘ಸರಿ’ ಎರಡೇ ಹೇಳುತ್ತೀ. ಆ ಎರಡರ ನಡುವೆ ಇದನ್ನೆಲ್ಲ ಹೇಳುವುದು ನನ್ನಿಂದಾಗಲಿಲ್ಲ.

ಬಿ.ಸಿ. ರೋಡಿನಲ್ಲಿ ನಮಗೆ ಶನಿವಾರದ ತರಬೇತಿ ನಡೆಯುತ್ತಿದೆಯಲ್ಲ? ತಲೆ ನರೆತ ಮೇಲೆ ಮತ್ತೆ ಬೆಂಚಿನ ಮೇಲೆ ಕೂತ ಇಪ್ಪತ್ತೆಂಟು ಮಂದಿ ಟೀಚರುಗಳು ನಾವು. ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ತೊಂದರೆಗೆ ಹೊಸ ಉಪಾಯ ಹುಡುಕಿ, ಅದರ ಫಲವನ್ನು ಸಹಪಾಠಿಗಳ ಮುಂದೆ ಇಡಬೇಕು. ನನ್ನದು ಮೂರನೇ ತರಗತಿಯವರಿಂದ ಕನ್ನಡ ಮಾತನಾಡಿಸುವ ಸಂಶೋಧನೆ. ತೆಂಗಿನ ಗೆರಟೆಯನ್ನು ದುಂಡಗೆ ಕೊಯ್ದು, ಉಜ್ಜಿ, ಕೆಂಪು ಬಣ್ಣ ಬಳಿದು, ದಾರ ಕಟ್ಟಿ ಬಿಲ್ಲೆ ಮಾಡಿದ್ದೆ. ಮನೆಮಾತು ತುಳುವೋ ಬ್ಯಾರಿಯೋ ಬಾಯಿಂದ ಬಿದ್ದರೆ ಅದು ಕೊರಳಿಗೆ. ಬೇರೆ ಮಗು ಹಾಗೆ ಮಾತನಾಡಿದ್ದನ್ನು ಹಿಡಿದುಕೊಟ್ಟರೆ ಬಿಲ್ಲೆ ಆ ಮಗುವಿನ ಕೊರಳಿಗೆ ದಾಟುತ್ತದೆ. ಪೆಟ್ಟಿಲ್ಲ, ಬೈಗುಳವಿಲ್ಲ, ಬರೇ ಆಟ. ಎಷ್ಟು ಜಂಭ ನನಗೆ!

ಎರಡು ವಾರದ ಹಿಂದೆ ಅದನ್ನು ಮಂಡಿಸಿದೆ. ಜೂನ್‌ನಲ್ಲಿ ದಿನಕ್ಕೆ ನಲವತ್ತೊಂದು ಸಲ ಸಿಕ್ಕಿಬೀಳುತ್ತಿದ್ದ ಮಕ್ಕಳು ಅಕ್ಟೋಬರ್ ಮುಗಿಯುವಾಗ ಸೊನ್ನೆಗೆ ಇಳಿದಿದ್ದರು. ಚಪ್ಪಾಳೆ ಬಿತ್ತು. ಆಗ ಬೆಳ್ತಂಗಡಿಯ ವಸಂತ ಮಾಸ್ಟ್ರು ಎದ್ದರು. “ಅಲ್ಲ ಟೀಚರ್, ತುಳು ಸೊನ್ನೆ ಆಯ್ತು, ಸರಿ. ಕನ್ನಡ ಎಷ್ಟು ಆಯ್ತು? ಅದನ್ನು ನೋಡಿದ್ದೀರಾ?”

ನೋಡಿರಲಿಲ್ಲ, ಮಗಾ. ಐದು ತಿಂಗಳು ಆ ಯೋಚನೆಯೇ ಬಂದಿರಲಿಲ್ಲ.

ಫರಂಗಿಪೇಟೆಯ ಹಸ್ನಾ ಟೀಚರ್ ಮೆಲ್ಲಗೆ ಕೇಳಿದಳು, “ಸಂಜೆ ಬೆಲ್ ಹೊಡೆಯುವಾಗ ಆ ಬಿಲ್ಲೆ ಯಾರ ಕೊರಳಲ್ಲಿ ಇರ್ತದೆ?”

“ಜಸ್ನಾ ಅಂತ ಒಬ್ಬಳು ಉಂಟು, ಹೆಚ್ಚಾಗಿ ಅವಳ ಹತ್ತಿರವೇ. ಪಾಪದ್ದು, ಯಾರನ್ನೂ ಹಿಡಿದುಕೊಡುವುದಿಲ್ಲ,” ಎಂದು ನಕ್ಕೆ. ನಕ್ಕವಳು ನಾನೊಬ್ಬಳೇ.

ಮುಂದಿನ ಸರದಿ ಹಸ್ನಾಳದು. ಅವಳ ಮಕ್ಕಳು ಅಡುಗೆಮನೆಯಿಂದ ಏನಾದರೊಂದು ತಂದು, ಮೊದಲು ಮನೆಮಾತಿನಲ್ಲಿ ಅದರ ಕತೆ ಹೇಳಿ, ಆಮೇಲೆ ಕನ್ನಡಕ್ಕೆ ಬರುತ್ತಾರಂತೆ. ಮೊಬೈಲಿನಲ್ಲಿ ಕೇಳಿಸಿದಳು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಕಿರುಚುತ್ತಿದ್ದರು. ಅಂಥ ಗಲಾಟೆ ನನ್ನ ತರಗತಿಯಲ್ಲಿ ಯಾವಾಗ ನಿಂತಿತು ಎಂದು ನನಗೆ ನೆನಪಾಗಲಿಲ್ಲ.

ಜಸ್ನಾ ಅಷ್ಟರಲ್ಲಿ ಎಂಟು ದಿನದಿಂದ ಶಾಲೆಗೆ ಬಂದಿರಲಿಲ್ಲ. ನಾನು ಹಾಜರಿಯಲ್ಲಿ ‘ಗೈರು’ ಎಂದು ಬರೆದು ಪುಟ ಮಗುಚಿದ್ದೆ. ಸೋಮವಾರ ಸಂಜೆ ಕನ್ಯಾನದ ಬಸ್ಸು ಹತ್ತಿದೆ. ಅವಳ ಉಮ್ಮ ಚಹಾ ಕೊಟ್ಟು ಹೇಳಿದಳು, “ಮನೆಯಲ್ಲಿ ಸಹ ಮಾತಿಲ್ಲ ಟೀಚರ್. ಏನು ಕೇಳಿದ್ರೂ ಕೈಸನ್ನೆ. ಗಂಟಲಲ್ಲಿ ಏನೂ ಇಲ್ಲ ಅಂತ ಡಾಕ್ಟರು ಹೇಳಿದ್ರು. ಶಾಲೆಯಲ್ಲಿ ಏನಾದ್ರೂ ಆಯ್ತಾ?”

ಚಹಾ ಚೆನ್ನಾಗಿದೆ ಎಂದೆ. ಬಿಲ್ಲೆಯ ಮಾತು ಹೇಳಬೇಕಿತ್ತು.

ಅಷ್ಟರಲ್ಲಿ ಮಗು ಒಳಗಿನಿಂದ ಬಂತು. ನನ್ನ ಮುಂದೆ ನಿಂತು, ತಲೆ ತಗ್ಗಿಸಿ, ಜಡೆಯನ್ನು ಒಂದು ಕೈಯಿಂದ ಮೇಲೆತ್ತಿ ಕೊರಳು ಒಡ್ಡಿತು. ನಾನು ಬಿಲ್ಲೆ ಹಾಕಲು ಬಂದಿದ್ದೇನೆಂದು ತಿಳಿದುಕೊಂಡಿತ್ತು.

ಆಮೇಲೆ ನಾಲ್ಕು ಸಲ ಹೋದೆ. ಬಿಲ್ಲೆಯನ್ನು ಒಲೆಗೆ ಹಾಕಿದ್ದೇನೆ ಎಂದೆ. ಹಸ್ನಾಳಿಂದ ಕಲಿತ ಬ್ಯಾರಿಯಲ್ಲಿ ತಪ್ಪುತಪ್ಪಾಗಿ ಮಾತನಾಡಿದೆ. ಮೂರನೇ ಸಲ ಉಮ್ಮನಿಗೆ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ, ಅಂದಿನಿಂದ ಚಹಾ ಕೊಡುವುದಿಲ್ಲ ಅಷ್ಟೆ. ಜಸ್ನಾ ಈಗಲೂ ನನ್ನನ್ನು ಕಂಡರೆ ಕೊರಳು ಬಗ್ಗಿಸುತ್ತಾಳೆ. ಶಾಲೆಯಲ್ಲಿ ‘ಯಾವ ಭಾಷೆಯಾದರೂ ಆಡಿ’ ಎಂದರೆ ಉಳಿದ ಮಕ್ಕಳು ಯಾರು ಹಿಡಿದುಕೊಡುತ್ತಾರೋ ಎಂದು ಆಚೀಚೆ ನೋಡುತ್ತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ, ಪ್ರಾಪ್ತಿ. ಮಗು ಮಾತನಾಡದೇ ಉಳಿದರೆ ನಾನೇನು ಮಾಡಲಿ?

ಬರುವ ಶನಿವಾರ ಕೊನೆಯ ವರದಿ. “ಇದ್ದದ್ದನ್ನು ಇದ್ದ ಹಾಗೆ ಹೇಳಿ ಟೀಚರ್, ನಾವು ಸಹ ಕಲಿಯುವ,” ಎಂದರು ವಸಂತ ಮಾಸ್ಟ್ರು. ಹೇಳುತ್ತೇನೆ. ಅವರೆಲ್ಲ ಕಲಿತಾರು. ಅದರಿಂದ ಜಸ್ನಾಳಿಗೆ ಏನು ಬಂತು?

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೈ ಹುಷಾರು. ದೇವರು ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ಅಮ್ಮ,
ಕುಸುಮ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಆ ಬಿಲ್ಲೆ ನನ್ನ ಹೊಸ ಉಪಾಯವಲ್ಲ ಎಂದು ನಿನಗೆ ಗೊತ್ತು. ನೀನು ಒಂದನೇ ತರಗತಿಗೆ ಸೇರಿದ ವರ್ಷ, ಅಜ್ಜಿಯ ಹತ್ತಿರ ತುಳುವಿನಲ್ಲೇ ಹರಟುತ್ತೀ ಎಂದು ಮೊದಲು ಕಟ್ಟಿದ್ದು ನಿನ್ನ ಕೊರಳಿಗೆ. ಮನೆಯಲ್ಲಿ ಬೇರೆ ಮಗು ಇರಲಿಲ್ಲ, ದಾಟಿಸಲು ನಿನಗೆ ಯಾರೂ ಇರಲಿಲ್ಲ. ಅಜ್ಜಿಯನ್ನು ಹಿಡಿದುಕೊಡಬಹುದಿತ್ತು, ನೀನು ಕೊಡಲಿಲ್ಲ. ನನ್ನ ಮಗಳಿಗೆ ಮಾತು ಕಡಿಮೆ ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದೆ. ಫೋನ್ ಮಾಡು, ಮಗಾ. ತುಳುವಿನಲ್ಲಿ ಬೈ, ಬಾಯಿಗೆ ಬಂದ ಹಾಗೆ ಬೈ. ‘ಹೂಂ, ಸರಿ’ ಮಾತ್ರ ಅನ್ನಬೇಡ.